ಕಿವಿಗೊಂದು ಗರಡಿಮನೆ

ನಾಗರ ಪಂಚಮಿಯ ಮಾರನೇ ದಿನ ದುಗ್ಗಪ್ಪ ಮೊದಲ ಸಲ ಊರು ಬಿಟ್ಟ. ಆಗ ಅವನಿಗೆ ಒಂಬತ್ತು ವರ್ಷ. ಕೂಲಿಮಠದ ಅಯ್ಯನೋರ ಪಾಠ ತಿಳಿಯಲಿಲ್ಲ. ತಿಳಿಯಲಿಲ್ಲ ಅಂದ, ಬೆತ್ತದ ಏಟು ತಿಂದ. ಪಾಟಿ ಅಲ್ಲೇ ಇಟ್ಟು ನಡೆದ. ನಡೆದ, ನಡೆದ, ಮೀಸೆ ಬಲಿಯುವ ತನಕ ನಡೆದ.

ನಡೆಯುತ್ತ ಒಂದು ರಾಜ್ಯಕ್ಕೆ ಬಂದ. ಹೊಳೆ ಉಕ್ಕಿದಾಗ ಊರನ್ನ ಎಚ್ಚರಿಸೋಕೆ ದೊಡ್ಡದೊಂದು ಗಂಟೆ ಬೇಕು ಅಂತ ಅಲ್ಲಿನ ರಾಜನಿಗೆ ಆಸೆ. ಎರಕದವರು ಒಂದು ಗಂಟೆ ಹೊಯ್ದರು, ಸೀಳಿತು. ಇನ್ನೊಂದು ಹೊಯ್ದರು, ಸೀಳಿತು. ದುಗ್ಗಪ್ಪ ಬಂದ ದಿನ ಮೂರನೆಯದೂ ಸೀಳಿತು.

ಮೇಸ್ತ್ರಿ ಬೊಪ್ಪಯ್ಯ ರಾಜನಿಗೆ ಕೈಮುಗಿದ. "ನಾನು ಸರಿಯಾಗೇ ಹೇಳ್ತೀನಿ ಬುದ್ಧಿ. ಇವರ ತಲೇಲಿ ಬರೀ ಮಣ್ಣು. ಓಡಿಸಿಬಿಡಿ, ನನ್ನ ಭಾವಮೈದುನರನ್ನ ಕರೆಸ್ತೀನಿ."

"ಇನ್ನೊಂದು ಸೀಳಿದರೆ ಇವರೆಲ್ಲ ಗಡಿ ಆಚೆ," ಅಂದ ರಾಜ.

ದುಗ್ಗಪ್ಪನಿಗೆ ಕುತೂಹಲ ತಡೆಯಲಿಲ್ಲ. ಗಂಟೆ ಯಾಕೆ ಸೀಳುತ್ತೆ? ಕೆರೆ ಏರಿ ಮೇಲೆ ಗಂಟೆಗೆ ಮಣ್ಣಿನ ಅಚ್ಚು ಮಾಡುವ ಸಂಕವ್ವನನ್ನ ಕೇಳಿದ. "ಮೇಸ್ತ್ರಿ ಹೇಳಿದ್ದು ಮಾಡ್ದೆ ಕಣಪ್ಪ." ಕೋಟೆ ಹತ್ತಿರ ಕುಲುಮೆ ನೋಡುವ ಜವರನನ್ನ ಕೇಳಿದ. "ಮೇಸ್ತ್ರಿ ಹೇಳಿದ್ದು ಮಾಡ್ದೆ." ಅಚ್ಚು ಸಾಗಿಸುವ ಗಾಡಿಯವನನ್ನ ಕೇಳಿದ. ಅದೇ ಮಾತು.

"ಉಳಿದವರಿಗೆ ಏನು ಹೇಳಿದ?"

"ನಮಗೇನು ಗೊತ್ತು? ಒಬ್ಬೊಬ್ಬರನ್ನೇ ಕರೆದು ಹೇಳ್ತಾನೆ, ನಾವು ತಲೆ ಆಡಿಸ್ತೀವಿ. ತಿರುಗಿ ಕೇಳಿದರೆ ಎದುರು ಮಾತಾಡಿದ ಹಾಗಲ್ವಾ?" ಅಂದಳು ಸಂಕವ್ವ.

ದುಗ್ಗಪ್ಪ ರಾಜನ ಹತ್ತಿರ ಮೂರು ಬೆಳಗಿನ ಸಮಯ ಕೇಳಿಕೊಂಡ, ಇವರಿಗೆ ಮಾತು ಕಲಿಸೋಕೆ.

"ನಾಲಿಗೆಗೂ ಗರಡಿಮನೆಯಾ?" ಬೊಪ್ಪಯ್ಯ ನಕ್ಕ.

"ಮೊದಲು ಕಿವಿಗೆ, ಮೇಸ್ತ್ರಿ."

ಇದೇನು ನೋಡೋಣ ಅಂತ ರಾಜನೂ ಬಂದು ಮರಳಿನ ರಾಶಿ ಮೇಲೆ ಕೂತ. ಮೊದಲ ಬೆಳಗು, ಕೇಳಿದ್ದನ್ನ ತಮ್ಮ ಮಾತಲ್ಲಿ ತಿರುಗಿ ಹೇಳೋದು ಕಲಿತರು. ಎರಡನೇ ಬೆಳಗು, ತಿಳಿಯದ್ದನ್ನ ತಿಳಿಯಲಿಲ್ಲ ಅನ್ನೋದು. ಅದೇ ಕಷ್ಟವಾಯಿತು. ಜವರ ಬೆಂಕಿ ಮುಂದೆಯೂ ಅಷ್ಟು ಬೆವತಿರಲಿಲ್ಲ. ಮೂರನೇ ಬೆಳಗು, ತನ್ನ ಕೆಲಸ ಜೊತೆಯವರಿಗೆ ಬಿಡಿಸಿ ಹೇಳೋದು.

ನಾಲ್ಕನೇ ಗಂಟೆಯ ಕೆಲಸ ಹಿಡಿದರು. ಬೊಪ್ಪಯ್ಯ ಎಂದಿನ ಹಾಗೆ ಒಬ್ಬೊಬ್ಬರನ್ನೇ ಕರೆದು ಪಿಸುಗುಟ್ಟಿದ. ದುಗ್ಗಪ್ಪ ಹೇಳಿಕೊಟ್ಟಂತೆ ಎಲ್ಲರೂ ಸುಮ್ಮನೆ ತಲೆ ಆಡಿಸಿದರು. ಮೇಸ್ತ್ರಿಗೆ ಸಮಾಧಾನ. ಆಮೇಲೆ ನೆಟ್ಟಗೆ ರಾಜನ ಮುಂದೆ ಹೋಗಿ ಸುತ್ತ ನಿಂತರು. ಮೇಸ್ತ್ರಿಯೂ ಹಿಂದೆಯೇ ಬಂದ.

"ಅಚ್ಚನ್ನ ಮೂರು ದಿನ ಒಣಗಿಸಿ ಕಳಿಸು, ಇನ್ನೆರಡು ದಿನ ಕುಲುಮೆ ಹತ್ತಿರ ಒಣಗುತ್ತೆ ಅಂದ ಮೇಸ್ತ್ರಿ," ಅಂದಳು ಸಂಕವ್ವ.

"ಒಣಗಿಯೇ ಬರುತ್ತೆ, ಬಂದ ದಿನವೇ ಕಂಚು ಹೊಯ್ಯಿ ಅಂದ," ಅಂದ ಜವರ. ತಡೆದು, ಅವಳ ಕಡೆ ತಿರುಗಿದ. "ಹಸಿ ಅಚ್ಚಿಗೆ ಹೊಯ್ದರೆ ಏನಾಗುತ್ತೆ ಅಕ್ಕ? ನನಗೆ ತಿಳಿಯದು."

"ಸೀಳುತ್ತೆ ಕಣೋ."

ರಾಜ ಮೇಸ್ತ್ರಿಯನ್ನ ನೋಡಿದ. "ಈಗ ನೀನು ಕೇಳಿದ್ದನ್ನ ತಿರುಗಿ ಹೇಳು, ಬೊಪ್ಪಯ್ಯ."

ಬೊಪ್ಪಯ್ಯ ಬರೀ ತಲೆ ಆಡಿಸಿದ. ಗಡಿ ಆಚೆ ಹೋದವನು ಅವನೇ.

ಐದು ದಿನ ಒಣಗಿದ ಅಚ್ಚಿಗೆ ಹೊಯ್ದ ಗಂಟೆ ಹೊಳೆಯಾಚೆಗೂ ಕೇಳಿಸಿತು. ಕೂಡಿ ದುಡಿಯುವವರು ಮೊದಲು ಕೂಡಿ ಮಾತಾಡೋದು ಕಲೀಬೇಕು. ಹೇಳಿದರೆ ಕೆಲಸ ಮುಗಿಯಲಿಲ್ಲ, ಕೇಳಿದವನು ತಿರುಗಿ ಹೇಳಿದಾಗ ಮುಗಿಯಿತು. ಇದೇ ಈ ಕಥೆಯ ನೀತಿ.

"ಇಲ್ಲೇ ಮೇಸ್ತ್ರಿಯಾಗಿ ಇದ್ದುಬಿಡು," ಅಂದ ರಾಜ.

"ಇರು ಅಂದಿರಿ, ಅದು ತಿಳೀತು ಬುದ್ಧಿ," ಅಂದ ದುಗ್ಗಪ್ಪ ಕಂಬಳಿ ಮಡಚುತ್ತ. "ಇರೋದು ಹೇಗೆ ಅನ್ನೋದೇ ತಿಳಿಯಲಿಲ್ಲ."

ಸಂಕವ್ವ ಕೊಟ್ಟ ರೊಟ್ಟಿಯನ್ನ ಕಂಬಳಿಯೊಳಗಿಟ್ಟು ಗಂಟು ಬಿಗಿದು, ಮತ್ತೆ ನಡೆದ.