ಹೊರಸುತ್ತಿನ ಎತ್ತು

ಶಾಲೆಯಲ್ಲಿ ಮೇಷ್ಟರಾಗಿದ್ದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ: “ಬುದ್ಧೀ, ನನ್ನ ತರಗತಿ ಕೈ ಮೀರಿದೆ. ಬೋರ್ಡಿನ ಕಡೆ ತಿರುಗಿದರೆ ಸಾಕು, ಗದ್ದಲ. ಎಲ್ಲಕ್ಕೂ ಮೂಲ ಕರಿಬಸವ ಎಂಬ ಒಬ್ಬ ಹುಡುಗ. ಹೊಡೆದೆ, ಹೊರಗೆ ನಿಲ್ಲಿಸಿದೆ, ಬಗ್ಗಲಿಲ್ಲ. ನಾಳೆ ಹಾಜರಿಯಿಂದ ಅವನ ಹೆಸರು ತೆಗೆದು ಮನೆಗೆ ಕಳಿಸಬೇಕೆಂದಿದ್ದೇನೆ. ಉಳಿದವರಾದರೂ ಕಲಿಯಲಿ. ಅದು ತಪ್ಪೇ?”

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಹೀಗೆ ಹೇಳಿದರು.

ಒಬ್ಬ ರೈತನಿಗೆ ಐದು ಎತ್ತುಗಳಿದ್ದವು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಕಂಬ ನೆಟ್ಟು, ಐದನ್ನೂ ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ, ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದ. ಹೊರಕೊನೆಯ ಎತ್ತು ಹಿಂದೆ ಬೀಳುತ್ತಿತ್ತು. ಹೊಡೆದರೆ ಹಗ್ಗ ಜಗ್ಗುತ್ತಿತ್ತು, ಸಾಲೆಲ್ಲ ಕೆಡುತ್ತಿತ್ತು. ಇದೊಂದು ತೊಲಗಿದರೆ ಉಳಿದವು ನೆಟ್ಟಗೆ ನಡೆಯುತ್ತವೆ ಎಂದು ರೈತ ಅದನ್ನು ಬಿಚ್ಚಿ ಅಟ್ಟಿದ.

ಕಣದಂಚಿನ ತೆನೆ ಬಿಡುವಂತಿಲ್ಲ. ಹಗ್ಗ ಉದ್ದ ಬಿಟ್ಟು ನಾಲ್ಕನೆಯದನ್ನು ಹೊರಗೆ ನಡೆಸಿದ. ಅರ್ಧ ದಿನ ಎಲ್ಲ ಸರಿಯಿತ್ತು. ಆಮೇಲೆ ಅದೂ ಹಿಂದೆ ಬಿತ್ತು. ನಿನ್ನೆಯವರೆಗೆ ಒಳ್ಳೆಯದಾಗಿದ್ದ ಎತ್ತು. ಹೋದದ್ದರ ಚಾಳಿ ಇದಕ್ಕೂ ಹತ್ತಿದೆ ಎಂದುಕೊಂಡು ಅದನ್ನೂ ಬಿಚ್ಚಿದ.

ಕಣದಲ್ಲಿ ಕಾಳು ಗುಡಿಸುತ್ತಿದ್ದ ಮುದುಕಿ ಕೇಳಿದಳು: “ಏನಪ್ಪಾ, ಊರಿನ ಮೈಗಳ್ಳ ಎತ್ತೆಲ್ಲ ಹುಡುಕಿಕೊಂಡು ನಿನ್ನ ಕಣಕ್ಕೇ ಬರುತ್ತವೋ?”

“ನನ್ನ ಹಣೆಬರಹ, ಅಜ್ಜಿ. ಮೇಟಿ ಪಕ್ಕದ ಆ ಎತ್ತು ನೋಡು. ಒಂದು ದಿನವೂ ಕೋಲು ಎತ್ತಿಸಿಲ್ಲ. ಎಲ್ಲವೂ ಹಾಗಿರಬಾರದೇ?”

“ಅದು ಕಂಬ ಸುತ್ತುವಷ್ಟರಲ್ಲಿ ಹೊರಗಿನದು ಕಣ ಸುತ್ತಬೇಕಲ್ಲಪ್ಪ. ಕೋಲು ಕೆಳಗಿಟ್ಟು ಅದರ ಜಾಗದಲ್ಲಿ ನೀನೊಂದು ಸುತ್ತು ನಡೆದು ನೋಡು.”

“ನಡೆದು ನೋಡುವುದಕ್ಕೆ ಹೊತ್ತೆಲ್ಲಿದೆ? ಮೋಡ ಕಟ್ಟುತ್ತಿದೆ,” ಎಂದ ರೈತ.

ಮೂರನೆಯದು ಹೋಯಿತು. ಎರಡನೆಯದೂ ಹೋಯಿತು. ಮೇಟಿ ಪಕ್ಕದ ಎತ್ತು ಒಂದೇ ಉಳಿಯಿತು. ಅದು ತಲೆ ತಗ್ಗಿಸಿಕೊಂಡು ಎಂದಿನಂತೆ ಕಂಬದ ಬುಡವನ್ನೇ ಸುತ್ತಿತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಕೋಲಿಗೆ ಕೆಲಸವಿರಲಿಲ್ಲ. ಆ ಕಣದಲ್ಲಿ ಅಷ್ಟು ಶಿಸ್ತು ಹಿಂದೆಂದೂ ಇರಲಿಲ್ಲ. ಕಂಬದ ಸುತ್ತಲಿನ ಒಂದಿಷ್ಟು ತೆನೆ ತುಳಿದು ತುಳಿದು ಪುಡಿಯಾಯಿತು. ಉಳಿದದ್ದು ಮಳೆಗೆ ನೆನೆದು, ಬಿದ್ದಲ್ಲೇ ಮೊಳಕೆಯೊಡೆಯಿತು.

ಶಿಷ್ಯ, “ಎತ್ತಿನ ಮಾತು ಬೇರೆ, ಬುದ್ಧೀ. ಈ ಹುಡುಗ ಬೇಕೆಂದೇ ಮಾಡುತ್ತಾನೆ,” ಎಂದ.

“ಇರಬಹುದು. ನೀನು ಮನೆಗೆ ಕಳಿಸಿದವರಲ್ಲಿ ಇವನು ಎಷ್ಟನೆಯವನು?”