ಹದಿನೇಳನೇ ನಂಬರಿನ ವಿಮಾನ

ಇನ್ನೊಬ್ಬರ ನಂಬರನ್ನು ಮೈಮೇಲೆ ಹೊರಬಾರದು ಎಂಬುದು ಆ ಸಂಗ್ರಹಾಲಯದ ವಿಮಾನಗಳ ನಿಯಮ. ಅಲ್ಲಿದ್ದವರೆಲ್ಲ ಅದನ್ನು ಮುರಿದಿದ್ದರು.

ಹೊಸದಾಗಿ ಬಂದದ್ದು ಒಂದು ಹಳೆಯ ತರಬೇತಿ ವಿಮಾನ. ಮೂವತ್ತು ವರ್ಷ ತರುಣರಿಗೆ ಹಾರಾಟ ಕಲಿಸಿ ಸವೆದಿತ್ತು. ಬಿಸಿಲುಕೋಲಿನಲ್ಲಿ ತೇಲುವ ಧೂಳನ್ನೇ ಮೋಡವೆಂದುಕೊಂಡು ಅದು ಕನಸು ಕಾಣುತ್ತಿರುವಾಗ ಪೇಂಟರ್ ಬಂದ. ಬಾಲದ ಮೇಲಿನ ಹದಿನೇಳನ್ನು ಅಳಿಸದೆ, ಅದರ ಮೇಲೆಯೇ, ಯುದ್ಧದಲ್ಲಿ ಸಮುದ್ರದ ಪಾಲಾದ ವೀರವಿಮಾನವೊಂದರ ನಂಬರು ಬರೆದು ಹೋದ.

“ಸುಮ್ಮನೆ ಹೊತ್ತುಕೋ ತಮ್ಮಾ,” ಎಂದಿತು ಪಕ್ಕದ ಯುದ್ಧವಿಮಾನ. “ನಾನೂ ಹೀಗೇ ವೀರನಾದದ್ದು. ನಂಬರಿದ್ದರೆ ಅಂಗಳದ ನಡುವೆ ಜಾಗ, ಇಲ್ಲದಿದ್ದರೆ ಗುಜರಿ.”

“ಈ ನಂಬರಿನ ವಿಮಾನದ ಪೈಲಟ್ ಮೊದಲು ಹಾರಿದ್ದು ನನ್ನಲ್ಲಿ, ಅಣ್ಣಾ. ಅವನು ಮರಳಲಿಲ್ಲ. ಅವನ ಸಾವನ್ನು ನಾನು ಒಡವೆಯಂತೆ ತೊಡಲೇ?”

“ಅಬ್ಬಾ, ಮೇಷ್ಟರ ಬುದ್ಧಿ! ನಾಳೆ ಉದ್ಘಾಟನೆ, ನೆನಪಿರಲಿ.”

ಮರುದಿನ ಅತಿಥಿಗಳು ನೆರೆದರು, ಪರದೆ ಸರಿಯಿತು. ಹಾರುವ ಮುನ್ನ ಮಾಡಬೇಕೆಂದು ತನ್ನ ಶಿಷ್ಯರಿಗೆಲ್ಲ ಕಲಿಸಿದ್ದಂತೆಯೇ, ತರಬೇತಿ ವಿಮಾನ ತನ್ನ ಬಾಲದ ತುಕ್ಕು ಹಿಡಿದ ಚುಕ್ಕಾಣಿಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಲವಾಗಿ ಹೊರಳಿಸಿ, ಹೊಸ ಬಣ್ಣವನ್ನೆಲ್ಲ ಅತಿಥಿಗಳ ಕಾಲಬಳಿ ಹಪ್ಪಳದಂತೆ ಉದುರಿಸಿ, ಹದಿನೇಳನ್ನು ತೋರಿಸಿತು.