ಶತ್ರುವಿನ ಬಾವಿಯ ನೀರು

“ಗುರುಗಳೇ, ಕೆಲವೇ ದೋಣಿಗಳಿರುವ ನಾಡು ಕಡಲಾಚೆಯ ದೊಡ್ಡ ದೊರೆಯನ್ನು ಬೆದರಿಸಿದರೆ ಅವನು ನಂಬುತ್ತಾನೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಸಣ್ಣ ನಾಡನ್ನು ಒಬ್ಬ ನಾಯಕ ಆಳುತ್ತಿದ್ದ. ಅವನ ಬಳಿ ಇದ್ದದ್ದು ಒಂಬತ್ತು ದೋಣಿ. ಇಪ್ಪತ್ತು ದಿನದ ಕಡಲ ದಾರಿಯಾಚೆ ಒಬ್ಬ ದೊರೆ ಇದ್ದ. ಅವನಿಗೆ ನಲವತ್ತು ಯುದ್ಧದ ಹಡಗು. ಮಳೆಗಾಲ ಮುಗಿದೊಡನೆ ಆ ಹಡಗುಗಳು ಬಂದು, ಸಣ್ಣ ನಾಡಿನ ಹೊಳೆ ಕಡಲನ್ನು ಸೇರುವಲ್ಲಿ ದಾರಿ ಕಟ್ಟಿ ನಿಲ್ಲುತ್ತಿದ್ದವು. ಮೀನಿಗೆ ಹೊರಟವರನ್ನು ಹಿಡಿಯುತ್ತಿದ್ದರು, ಎದುರಾಡಿದವರನ್ನು ಕೊಲ್ಲುತ್ತಿದ್ದರು. ಮೂರು ವರ್ಷ ಜನ ಗೆಣಸು ಬೇಯಿಸಿ ತಿಂದು ಬದುಕಿದರು.

ನಾಯಕ ವರ್ಷಕ್ಕೊಂದರಂತೆ ಮೂರು ಪತ್ರ ಬರೆದ. ‘ಹಡಗುಗಳನ್ನು ಹಿಂದಕ್ಕೆ ಕರೆಸಿಕೋ. ಇಲ್ಲವಾದರೆ ನಿನ್ನ ತೀರಕ್ಕೆ ಬೆಂಕಿ ಇಡುತ್ತೇನೆ.’ ದೊರೆ ಮೂರನ್ನೂ ಸಭೆಯಲ್ಲಿ ಓದಿಸಿ ನಕ್ಕ. ನಕ್ಕ ಸುದ್ದಿ ನಾಯಕನಿಗೂ ಮುಟ್ಟಿತು. ಅವನು ನಾಲ್ಕನೆಯ ಪತ್ರ ಬರೆದು ಮುಗಿಸುವಾಗ ಜಟ್ಟಿ ಬಂದ. ಜಟ್ಟಿ ಆ ನಾಡಿನ ತಾಂಡೇಲ, ದೋಣಿಯವರ ಮುಖಂಡ. ದೋಣಿ ನಡೆಸುತ್ತಲೇ ತಲೆ ನರೆತವನು.

“ಒಡೆಯಾ, ಆ ಪತ್ರ ನನ್ನ ಕೈಗೆ ಕೊಡಿ. ಜೊತೆಗೆ ಮೂರು ದೋಣಿ ಕೊಡಿ.”

“ಮೂರು ದೋಣಿಯಿಂದ ಏನು ಮಾಡುತ್ತೀ?”

“ಹೋಗಿ ಬರುತ್ತೇನೆ,” ಎಂದ ಜಟ್ಟಿ.

ದೊಡ್ಡ ಹಡಗುಗಳು ಹತ್ತಿರ ಸುಳಿಯಲಾರದ ಬಂಡೆಗಳ ಸಂದಿಯಿಂದ ಅವನು ಹೊರಬಿದ್ದ. ಇಪ್ಪತ್ತೆರಡನೆಯ ದಿನ ನಡುಮಧ್ಯಾಹ್ನ ದೊರೆಯ ಬಂದರನ್ನು ಹೊಕ್ಕ. ಅಲ್ಲಿ ಒಂದೂ ಯುದ್ಧದ ಹಡಗು ಇರಲಿಲ್ಲ. ಕಾವಲಿಗೆ ನಾಲ್ಕೇ ಮಂದಿ. ಶತ್ರುವನ್ನು ಅವರು ಎಂದೂ ಕಂಡವರಲ್ಲ; ತಡೆಯದೆ ಹಿಂದೆ ಸರಿದರು.

ದೋಣಿಯಲ್ಲಿ ಕುಪ್ಪ ಎಂಬವನಿದ್ದ. ಅವನ ಅಣ್ಣನನ್ನು ದೊರೆಯ ಹಡಗಿನವರು ಕೊಂದಿದ್ದರು. ಅವನು ಪಂಜು ಹೊತ್ತಿಸಿಕೊಂಡು ದಡದ ಉಗ್ರಾಣದ ಕಡೆ ಓಡಿದ. ಜಟ್ಟಿ ಅಡ್ಡ ನಿಂತ.

“ಬಿಡು ತಾಂಡೇಲ! ನನ್ನ ಅಣ್ಣನನ್ನು ಮರೆತೆಯಾ?”

“ಮರೆತಿಲ್ಲ ಕುಪ್ಪ. ಇದನ್ನು ಸುಟ್ಟರೆ ಸಿಟ್ಟಿಗೆದ್ದು ಇನ್ನೂ ಇಪ್ಪತ್ತು ಹಡಗು ಕಟ್ಟಿ ನಮ್ಮಲ್ಲಿಗೆ ಬರುತ್ತಾರೆ. ನಾವು ಇಲ್ಲಿಗೂ ಬರಬಲ್ಲೆವೆಂದು ತೋರಿಸಿ ಸುಡದೆ ಹೋದರೆ, ಹೆದರಿ ಇರುವ ಹಡಗುಗಳನ್ನು ಇಲ್ಲೇ ನಿಲ್ಲಿಸಿಕೊಳ್ಳುತ್ತಾರೆ.”

ಕುಪ್ಪ ಅಳುತ್ತಾ ಪಂಜನ್ನು ನೀರಿಗೆ ಅದ್ದಿದ.

ಜಟ್ಟಿ ಬಂದರಿನ ಅಧಿಕಾರಿಯನ್ನು ಕರೆದ. ತಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿದ. ಊರಿನವರೆಲ್ಲ ನೋಡುತ್ತಿರುವಂತೆಯೇ ಅಲ್ಲಿನ ಬಾವಿಯಿಂದ ನೀರು ಸೇದಿಸಿ ಕೊಡಗಳನ್ನು ತುಂಬಿಸಿಕೊಂಡ. ಪತ್ರವನ್ನು ಅಧಿಕಾರಿಯ ಕೈಗಿಟ್ಟು ಹಾಯಿ ಬಿಚ್ಚಿದ.

ಪತ್ರದಲ್ಲಿ ಹೊಸ ಮಾತೇನೂ ಇರಲಿಲ್ಲ. ಸಭೆಯಲ್ಲಿ ಅದನ್ನು ಓದಿದಾಗ ಈ ಸಲ ಯಾರೂ ನಗಲಿಲ್ಲ. ಬಂದರಿನ ವರ್ತಕನೊಬ್ಬ ಎದ್ದು, “ಪ್ರಭು, ನಮ್ಮ ನಲವತ್ತು ಹಡಗುಗಳು ಎಲ್ಲಿವೆ?” ಎಂದು ಕೇಳಿದ. ದೊರೆ ಅಂದೇ ಹಡಗುಗಳಿಗೆ ಹಿಂದಿರುಗಲು ಓಲೆ ಕಳಿಸಿದ.

ಜಟ್ಟಿ ಊರು ಮುಟ್ಟಿದ ಕೆಲವೇ ದಿನಗಳಲ್ಲಿ, ಒಂದು ಬೆಳಗ್ಗೆ, ನಲವತ್ತು ಹಡಗುಗಳೂ ಲಂಗರು ಎತ್ತಿ ಪಡುವಣಕ್ಕೆ ತಿರುಗಿದವು. ಊರಿಗೆ ಊರೇ ದಡಕ್ಕೆ ಓಡಿತು. ಡೋಲು ಬಡಿದರು. ಮುದುಕಿಯರು ಸೊಂಟಮಟ್ಟ ನೀರಿಗಿಳಿದು ಕೂಗಿದರು. ಒಂಬತ್ತು ದೋಣಿಗಳೂ ಒಟ್ಟಿಗೆ ಕಡಲಿಗೆ ಹೋದವು. ಮೊದಲ ಬಲೆ ಬೀಸಿದವನು ಕುಪ್ಪ. ನಾಯಕ ಎಲ್ಲರೆದುರು ಜಟ್ಟಿಯನ್ನು ಅಪ್ಪಿಕೊಂಡ. ಅಂದು ಆ ನಾಡಿನಲ್ಲಿ ಮೀನು ಬೇಯದ ಒಲೆ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ, ಅಷ್ಟು ದೊಡ್ಡ ದೊರೆ ಮೂರು ದೋಣಿಗೆ ಹೆದರಿದನೇ?” ಎಂದ ಶಿಷ್ಯ.

“ಕಾವಲಿಲ್ಲದ ತನ್ನ ತೀರ ಎಷ್ಟು ಉದ್ದವಿದೆ ಎಂದು ಅವನು ಯೋಚಿಸಿದ್ದು ಅದೇ ಮೊದಲು,” ಎಂದರು ಗುರುಗಳು.